ಒಂದೇ ನಂಬರು, ಹಲವು ಪರದೆ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲವೂ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳವು. ಎಲ್ಲದರ ವಿಷಯವೂ ಸ್ಮಾರ್ಟ್‌ಫೋನ್ ಬಳಕೆ ಮತ್ತು ಅದರಲ್ಲಿನ ಸಂದೇಶ ವಿನಿಮಯ. ಬರೆದವರ ಹೆಸರುಗಳನ್ನು ಬಿಟ್ಟು, ಊರು ಮತ್ತು ವೃತ್ತಿಯನ್ನಷ್ಟೇ ಉಳಿಸಿಕೊಂಡಿದ್ದೇನೆ. ಓದುತ್ತಾ ಹೋದಂತೆ ಹೆಚ್ಚಿನ ತೊಂದರೆಗಳ ಬೇರು ಒಂದೇ ಕಡೆ ಇರುವುದು ಕಂಡಿತು. ನಮ್ಮ ವಾಟ್ಸ್‌ಆ್ಯಪ್ ಖಾತೆ ಫೋನಿನೊಳಗೆ ಇದೆ ಎಂದು ನಾವು ತಿಳಿದುಕೊಂಡಿದ್ದೇವೆ. ಖಾತೆ ಇರುವುದು ನಂಬರಿನ ಹೆಸರಿನಲ್ಲಿ. ಹಳೆಯ ಸಂದೇಶಗಳು ಇರುವುದು ಫೋನಿನಲ್ಲಿ. ಈ ಎರಡನ್ನೂ ಬೇರೆ ಬೇರೆಯಾಗಿ ಕಾಣಲು ಕಲಿತವರಿಗೆ ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ತಾವಾಗಿಯೇ ಹೊಳೆಯುತ್ತವೆ.

ಪ್ರಶ್ನೆ: ನನಗೆ 68 ವರ್ಷ. ಮಗ ಹೊಸ ಫೋನ್ ಕೊಡಿಸಿ ಬೆಂಗಳೂರಿಗೆ ಹೋದ. ಮೊಮ್ಮಗಳಿಗೆ ಸಂದೇಶ ಕಳಿಸೋಣವೆಂದು ವಾಟ್ಸ್‌ಆ್ಯಪ್ ಚಿತ್ರವನ್ನು ಒತ್ತಿದರೆ ಅದು ತೆರೆಯುವ ಬದಲು ಯಾವುದೋ ಪಟ್ಟಿ ಬರುತ್ತದೆ. ಒಮ್ಮೆ ಆ ಚಿತ್ರವೇ ಪರದೆಯಿಂದ ಮಾಯವಾಯಿತು. ಇನ್ನು ಕೆಲವು ಸಲ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಕೈ ಹಚ್ಚಲು ಹೆದರಿಕೆಯಾಗಿದೆ. ಪಕ್ಕದ ಮನೆಯ ಹುಡುಗನನ್ನು ಎಷ್ಟು ಸಲ ಕರೆಯಲಿ?
— ನಿವೃತ್ತ ಶಾಲಾ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೇಡಂ, ತಪ್ಪು ನಿಮ್ಮದೂ ಅಲ್ಲ, ಫೋನಿನದೂ ಅಲ್ಲ. ಹಳೆಯ ಕೀಪ್ಯಾಡ್ ಫೋನಿನಲ್ಲಿ ಗುಂಡಿಯನ್ನು ಒತ್ತಲೇಬೇಕಿತ್ತು, ಒತ್ತಿದಷ್ಟೂ ಖಾತ್ರಿ. ಸ್ಮಾರ್ಟ್‌ಫೋನಿನ ಗಾಜಿಗೆ ಒತ್ತಡ ತಿಳಿಯುವುದಿಲ್ಲ. ನಮ್ಮ ದೇಹದಲ್ಲಿ ವಿದ್ಯುತ್ತು ಹರಿಯಬಲ್ಲದು ಎಂಬ ಗುಣವನ್ನು ಆಧರಿಸಿ, ಬೆರಳು ಗಾಜನ್ನು ತಾಕಿದಾಗ ಅಲ್ಲಿನ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅದು ಅಳೆಯುತ್ತದೆ. ಆದ್ದರಿಂದ ಅದು ಗಮನಿಸುವುದು ಬೆರಳು ಎಲ್ಲಿ ತಾಕಿತು, ಎಷ್ಟು ಹೊತ್ತು ಇತ್ತು, ಯಾವ ಕಡೆಗೆ ಸರಿಯಿತು ಎಂಬುದನ್ನು ಮಾತ್ರ. ತಾಕಿ ತಕ್ಷಣ ತೆಗೆದರೆ ‘ತೆರೆ’ ಎಂದು ಅರ್ಥ. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಇಟ್ಟರೆ ‘ಇದರ ಬಗ್ಗೆ ಬೇರೆ ಏನೋ ಮಾಡಬೇಕು’ ಎಂದು ಅರ್ಥ. ನಿಮಗೆ ಕಾಣುವ ಪಟ್ಟಿ ಅದೇ. ಹಾಗೆ ಇಟ್ಟ ಬೆರಳನ್ನು ಸರಿಸಿದರೆ ಚಿತ್ರವೂ ಜೊತೆಗೆ ಸರಿಯುತ್ತದೆ, ಮೇಲಿನ ಅಂಚಿಗೆ ಹೋದರೆ ಮುಖಪರದೆಯಿಂದ ಹೊರಹೋಗುತ್ತದೆ. ನೀವು ಜೋರಾಗಿ, ಖಾತ್ರಿಯಾಗಿ ಒತ್ತುತ್ತೀರಿ. ಜೋರಾಗಿ ಒತ್ತುವಾಗ ಬೆರಳು ತಾನಾಗಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ. ಇಷ್ಟೇ ಆಗಿರುವುದು.

ಏನೂ ಆಗದಿರುವುದಕ್ಕೆ ಬೇರೆ ಕಾರಣವಿದೆ. ವಯಸ್ಸಾದಂತೆ ಬೆರಳ ತುದಿಯ ಚರ್ಮ ಒಣಗುತ್ತದೆ, ಮನೆಗೆಲಸ ಮಾಡಿದ ಕೈಯಲ್ಲಿ ದಪ್ಪವೂ ಆಗಿರುತ್ತದೆ. ಒಣಗಿದ ಚರ್ಮ ಗಾಜಿಗೆ ಸರಿಯಾಗಿ ತಿಳಿಯುವುದಿಲ್ಲ. ನನ್ನ ತಾಯಿಯೂ ಇದೇ ದೂರು ಹೇಳುತ್ತಿದ್ದರು. ಒಂದು ದಿನ ಅವರ ಪಕ್ಕ ಕುಳಿತು ನೋಡಿದೆ: ಉಗುರಿನ ತುದಿಯಿಂದ ಕುಟ್ಟುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡು, ಉಗುರನ್ನು ಬಿಟ್ಟು ಬೆರಳಿನ ಮೆತ್ತನೆಯ ಭಾಗವನ್ನು, ಹಣೆಗೆ ಕುಂಕುಮ ಇಡುವಷ್ಟು ಹಗುರವಾಗಿ ತಾಕಿಸಿ ಎಂದೆ. ಆ ಸಂಜೆಯಿಂದ ಅವರು ನನ್ನನ್ನು ಕರೆಯುವುದು ಕಡಿಮೆಯಾಯಿತು. ನೀವೂ ಹಾಗೆಯೇ ಮಾಡಿ ನೋಡಿ. ಜೊತೆಗೆ ಸೆಟ್ಟಿಂಗ್ಸ್‌ನ ‘ಆ್ಯಕ್ಸೆಸಿಬಿಲಿಟಿ’ ವಿಭಾಗದಲ್ಲಿ, ಬೆರಳು ಎಷ್ಟು ಹೊತ್ತು ಇದ್ದರೆ ದೀರ್ಘ ಒತ್ತು ಎಂದು ಎಣಿಸಬೇಕು ಎಂಬ ಅವಧಿಯನ್ನು ಹೆಚ್ಚಿಸಬಹುದು. ಮಗ ಮುಂದಿನ ಸಲ ಬಂದಾಗ ಮೊದಲು ಅದನ್ನು ಮಾಡಿಸಿಕೊಳ್ಳಿ. ಅಕ್ಷರದ ಗಾತ್ರವನ್ನು ದೊಡ್ಡದು ಮಾಡುವ ಮತ್ತು ಇಡೀ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವ ಸೌಲಭ್ಯಗಳೂ ಸೆಟ್ಟಿಂಗ್ಸ್‌ನಲ್ಲೇ ಇವೆ.

ಮಾಯವಾದ ಚಿತ್ರಕ್ಕೆ ಚಿಂತಿಸಬೇಡಿ. ಮುಖಪರದೆಯಿಂದ ಚಿತ್ರ ಹೋದರೆ ಆ್ಯಪ್ ಹೋದಂತಲ್ಲ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯ ಕೆಳಗಿನಿಂದ ಮೇಲಕ್ಕೆ ಬೆರಳು ಎಳೆದರೆ ಎಲ್ಲ ಆ್ಯಪ್‌ಗಳ ಪಟ್ಟಿ ಬರುತ್ತದೆ, ಅಲ್ಲಿ ಅದು ಇರುತ್ತದೆ. ನಿಜವಾಗಿ ತೆಗೆದುಹಾಕುವಾಗ ಫೋನ್ ನಿಮ್ಮನ್ನು ಒಂದು ಮಾತು ಕೇಳಿಯೇ ಕೇಳುತ್ತದೆ. ‘ಅನ್‌ಇನ್‌ಸ್ಟಾಲ್’ ಎಂಬ ಪದ ಕಂಡಾಗ ‘ರದ್ದು’ ಎಂಬುದನ್ನು ತಾಕಿದರೆ ಯಾವ ಹಾನಿಯೂ ಇಲ್ಲ. ಎಲ್ಲಿಗೋ ಹೋಗಿ ಸಿಕ್ಕಿಕೊಂಡರೆ ‘ಹಿಂದಕ್ಕೆ’ ಗುರುತನ್ನು ಒಂದೆರಡು ಬಾರಿ ತಾಕಿ. ಆ ಗುರುತು ಇಲ್ಲದ ಫೋನಾದರೆ ಪರದೆಯ ಪಕ್ಕದ ಅಂಚಿನಿಂದ ಒಳಕ್ಕೆ ಬೆರಳು ಎಳೆಯಿರಿ.

ಇನ್ನು ಸಂದೇಶ ಬರೆಯುವುದು. ಗೂಗಲ್ ಕೀಬೋರ್ಡಿನಲ್ಲಿ ಕನ್ನಡ ಭಾಷೆಯನ್ನು ಸೇರಿಸಿಕೊಂಡರೆ ಅಕ್ಷರ ಮೂಡಿಸಬಹುದು, ಅಥವಾ ಅದರ ಮೈಕ್ ಚಿತ್ರ ತಾಕಿ ಮಾತನಾಡಿದರೆ ಮಾತೇ ಅಕ್ಷರವಾಗುತ್ತದೆ. ಕನ್ನಡಕ್ಕೆ ಈ ಸೌಲಭ್ಯ 2017ರಿಂದ ಇದೆ. ದನಿಯನ್ನೇ ಕಳಿಸಬೇಕೆಂದರೆ ವಾಟ್ಸ್‌ಆ್ಯಪ್‌ನ ಬಲ ಮೂಲೆಯ ಮೈಕ್ ಗುರುತನ್ನು ಹಿಡಿದುಕೊಂಡು ಮಾತನಾಡಿ, ಮುಗಿದ ಮೇಲೆ ಬೆರಳು ಬಿಡಿ. ನಿಮ್ಮ ದೀರ್ಘ ಒತ್ತು ಇಲ್ಲಿ ಮಾತ್ರ ಬೇಕೇ ಬೇಕು. ಕಳಿಸಿದ ಮೇಲೆ ಬರುವ ಟಿಕ್ ಗುರುತನ್ನು ನೋಡಿ: ಒಂದು ಟಿಕ್ ಎಂದರೆ ನಿಮ್ಮ ಫೋನಿನಿಂದ ಹೊರಟಿದೆ, ಎರಡು ಎಂದರೆ ಮೊಮ್ಮಗಳ ಫೋನಿಗೆ ಮುಟ್ಟಿದೆ, ಎರಡೂ ನೀಲಿಯಾದರೆ ಅವಳು ತೆರೆದು ನೋಡಿದ್ದಾಳೆ. ಅವಳು ಆ ಗುರುತನ್ನು ತನ್ನ ಫೋನಿನಲ್ಲಿ ನಿಲ್ಲಿಸಿದ್ದರೆ ನೀಲಿ ಬಾರದು, ಅದಕ್ಕೆ ಬೇಸರ ಬೇಡ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪಕ್ಕದ ಮನೆಯ ಹುಡುಗ ಬಂದಾಗ ಫೋನನ್ನು ಅವನ ಕೈಗೆ ಕೊಡಬೇಡಿ. ಅವನು ಹೇಳಲಿ, ನೀವು ತಾಕಿ. ನೋಡಿ ಕಲಿತವರಿಗಿಂತ ಬರೆದು ಕಲಿತ ಮಕ್ಕಳಿಗೆ ಅಕ್ಷರ ಹೆಚ್ಚು ಕಾಲ ನೆನಪಿರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ನಮ್ಮದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ರೈತರು ಮತ್ತು ಖರೀದಿದಾರರು ಲಾರಿ ನಂಬರು, ತೂಕದ ಚೀಟಿಯ ಫೋಟೊ ಎಲ್ಲವನ್ನೂ ನನ್ನ ವಾಟ್ಸ್‌ಆ್ಯಪ್‌ಗೇ ಕಳಿಸುತ್ತಾರೆ. ಲೆಕ್ಕ ಬರೆಯುವ ಗುಮಾಸ್ತರ ಫೋನಿನಲ್ಲೂ ಅದು ಕಾಣಲಿ ಎಂದು ನನ್ನ ನಂಬರನ್ನು ಅಲ್ಲಿ ಹಾಕಿ ತೆರೆದೆ. ತಕ್ಷಣ ನನ್ನ ಫೋನಿನಲ್ಲಿ ಖಾತೆ ಹೊರಹೋಯಿತು. ನಾನು ಮತ್ತೆ ತೆರೆದರೆ ಅವರದು ಹೋಯಿತು. ಅಂಗಡಿಯ ಕಂಪ್ಯೂಟರಿನಲ್ಲೂ ನೋಡಬೇಕಾಗಿದೆ. ಏನು ಮಾಡಬೇಕು?
— ವರ್ತಕರು, ಎಪಿಎಂಸಿ ಮಾರುಕಟ್ಟೆ, ದಾವಣಗೆರೆ

ಉತ್ತರ: ನೀವು ಎರಡನೆಯ ಫೋನಿನಲ್ಲಿ ಮಾಡಿದ್ದು ‘ನೋಂದಣಿ’, ಮಾಡಬೇಕಾಗಿದ್ದು ‘ಜೋಡಣೆ’. ಒಂದು ನಂಬರಿಗೆ ಒಂದೇ ಮುಖ್ಯ ಫೋನ್ ಇರಬೇಕು ಎಂಬುದು ವಾಟ್ಸ್‌ಆ್ಯಪ್‌ನ ನಿಯಮ. ಬೇರೆ ಫೋನಿನಲ್ಲಿ ನಂಬರು ಹಾಕಿ, ಎಸ್‌ಎಂಎಸ್‌ನಲ್ಲಿ ಬಂದ 6 ಅಂಕಿಗಳ ಕೋಡ್ ಕೊಟ್ಟರೆ ‘ಇನ್ನು ಮುಂದೆ ಇದೇ ಮುಖ್ಯ ಫೋನ್’ ಎಂದು ನೀವೇ ಘೋಷಿಸಿದಂತಾಗುತ್ತದೆ, ಮೊದಲಿನದು ಹೊರಬೀಳುತ್ತದೆ. ಜೋಡಣೆಯಲ್ಲಿ ಹಾಗಲ್ಲ. ಮುಖ್ಯ ಫೋನ್ ಯಜಮಾನನಾಗಿಯೇ ಉಳಿಯುತ್ತದೆ, ಉಳಿದವು ಅದರ ಒಪ್ಪಿಗೆಯಿಂದ ಸೇರಿಕೊಳ್ಳುತ್ತವೆ.

ಕಂಪ್ಯೂಟರಿಗೆ ಜೋಡಿಸುವ ಕ್ರಮ ಹೀಗಿದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆಯಿರಿ, ಅಥವಾ ವಾಟ್ಸ್‌ಆ್ಯಪ್ ತಂತ್ರಾಂಶವನ್ನೇ ಹಾಕಿಕೊಳ್ಳಿ. ಕಪ್ಪು ಬಿಳಿ ಚುಕ್ಕೆಗಳ ಚೌಕಾಕಾರದ ಕ್ಯೂಆರ್ ಕೋಡ್ ಕಾಣುತ್ತದೆ. ಈಗ ನಿಮ್ಮ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ಮೇಲಿನ ಮೂರು ಚುಕ್ಕೆಗಳನ್ನು ತಾಕಿ, ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿಗೆ ಹೋಗಿ, ‘ಲಿಂಕ್ ಎ ಡಿವೈಸ್’ ಎಂಬುದನ್ನು ಆರಿಸಿ, ಬೆರಳಚ್ಚು ಅಥವಾ ಫೋನಿನ ಪಿನ್ ಕೇಳಿದರೆ ಕೊಟ್ಟು, ಕ್ಯಾಮೆರಾವನ್ನು ಆ ಚೌಕದ ಮುಂದೆ ಹಿಡಿಯಿರಿ. ಅಂಗಡಿಗಳಲ್ಲಿ ಹಣ ಕಳಿಸಲು ನಾವು ದಿನವೂ ಮಾಡುವ ಕೆಲಸವೇ ಇದು. ವ್ಯತ್ಯಾಸವೆಂದರೆ ಇಲ್ಲಿ ಕೊಡುತ್ತಿರುವುದು ಹಣವಲ್ಲ, ನಿಮ್ಮ ಮಾತುಕತೆಗಳನ್ನು ಓದುವ ಅಧಿಕಾರ. ಎರಡನೆಯ ಫೋನಾದರೆ ಅದರಲ್ಲಿ ವಾಟ್ಸ್‌ಆ್ಯಪ್ ಹಾಕಿ, ನಂಬರು ಕೇಳುವ ಪರದೆಯಲ್ಲಿ ನಂಬರು ಕೊಡದೆ, ಅಲ್ಲಿಯ ಮೂರು ಚುಕ್ಕೆಗಳನ್ನು ತಾಕಿ, ಇದನ್ನು ಜೊತೆ ಸಾಧನವಾಗಿ ಸೇರಿಸು ಎಂಬ ಆಯ್ಕೆಯನ್ನು ಹಿಡಿಯಬೇಕು. ಆಗ ಅಲ್ಲೂ ಅದೇ ಚೌಕ ಬರುತ್ತದೆ.

ಈ ಸೌಲಭ್ಯ ಹಂತ ಹಂತವಾಗಿ ಬಂದಿರುವುದರಿಂದ ಹಳೆಯ ತಿಳಿವಳಿಕೆ ಅನೇಕರಲ್ಲಿ ಉಳಿದುಕೊಂಡಿದೆ. 2015ರಲ್ಲಿ ವಾಟ್ಸ್‌ಆ್ಯಪ್ ವೆಬ್ ಬಂದಾಗ ಕಂಪ್ಯೂಟರು ಫೋನಿನ ಕನ್ನಡಿಯಷ್ಟೇ ಆಗಿತ್ತು. ಫೋನಿನ ಚಾರ್ಜ್ ಮುಗಿದರೆ ಕಂಪ್ಯೂಟರಿನಲ್ಲೂ ಎಲ್ಲ ನಿಲ್ಲುತ್ತಿತ್ತು. 2021ರಲ್ಲಿ ಇದು ಬದಲಾಗತೊಡಗಿತು. ಈಗ ಜೋಡಿಸಿದ ಪ್ರತಿ ಸಾಧನಕ್ಕೂ ತನ್ನದೇ ಬೀಗದ ಕೈ ಇದೆ. ರೈತರೊಬ್ಬರು ನಿಮಗೆ ಕಳಿಸುವ ಸಂದೇಶವನ್ನು ಅವರ ಫೋನೇ ನಿಮ್ಮ ಒಂದೊಂದು ಸಾಧನಕ್ಕೂ ಪ್ರತ್ಯೇಕವಾಗಿ ಬೀಗ ಹಾಕಿ ಕಳಿಸುತ್ತದೆ, ಹಾಗಾಗಿ ಮುಖ್ಯ ಫೋನ್ ಆಫ್ ಆಗಿದ್ದರೂ ಕಂಪ್ಯೂಟರಿಗೆ ಸಂದೇಶ ಬರುತ್ತದೆ. ಮುಖ್ಯ ಫೋನಲ್ಲದೆ 4 ಸಾಧನಗಳನ್ನು ಜೋಡಿಸಬಹುದು, 2023ರಿಂದ ಆ ನಾಲ್ಕರಲ್ಲಿ ಬೇರೆ ಫೋನುಗಳೂ ಸೇರಬಹುದು. ಆದರೆ ಮುಖ್ಯ ಫೋನಿನಲ್ಲಿ 14 ದಿನ ವಾಟ್ಸ್‌ಆ್ಯಪ್ ತೆರೆಯದೇ ಹೋದರೆ ಉಳಿದವು ತಾವಾಗಿಯೇ ಕಳಚಿಕೊಳ್ಳುತ್ತವೆ. ಕಂಪ್ಯೂಟರಿನಲ್ಲಿ ಮತ್ತೆ ಕ್ಯೂಆರ್ ಕೋಡ್ ಕಾಣಿಸಿಕೊಂಡರೆ ಗಾಬರಿಯಾಗದೆ ಮತ್ತೊಮ್ಮೆ ಸ್ಕ್ಯಾನ್ ಮಾಡಿ. ಸಿಮ್ ಮಾತ್ರ ಮುಖ್ಯ ಫೋನಿನಲ್ಲೇ ಇರಲಿ. ಜೋಡಿಸಿದ ಸಾಧನಕ್ಕೆ ಇತ್ತೀಚಿನ ಮಾತುಕತೆಗಳು ಬರುತ್ತವೆ, ತೀರಾ ಹಳೆಯವು ಮುಖ್ಯ ಫೋನಿನಲ್ಲೇ ಉಳಿಯುತ್ತವೆ.

ಇಷ್ಟು ಹೇಳಿದ ಮೇಲೂ ಗುಮಾಸ್ತರ ಫೋನಿಗೆ ನಿಮ್ಮ ಖಾತೆಯನ್ನು ಜೋಡಿಸುವುದನ್ನು ನಾನು ಒಪ್ಪುವುದಿಲ್ಲ. ಅವರ ಪ್ರಾಮಾಣಿಕತೆಯ ಪ್ರಶ್ನೆ ಇದಲ್ಲ. ಜೋಡಣೆ ಎಂದರೆ ಇಡೀ ಖಾತೆಯ ಜೋಡಣೆ. ತೂಕದ ಚೀಟಿ ಮಾತ್ರ ಕಾಣಲಿ, ಮನೆಯವರ ಮಾತು, ಆಸ್ಪತ್ರೆಯ ರಿಪೋರ್ಟು ಕಾಣದಿರಲಿ ಎಂದು ಬೇರ್ಪಡಿಸಲು ಬರುವುದಿಲ್ಲ. ಅವರ ಫೋನ್ ಬಸ್ಸಿನಲ್ಲಿ ಕಳೆದುಹೋದರೆ ಹೋಗುವುದು ನಿಮ್ಮ ಮನೆಯ ಮಾತು. ಅಂಗಡಿಗೆಂದೇ ಬೇರೆ ಸಿಮ್ ಪಡೆದು ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. 2018ರಿಂದ ಇರುವ ಈ ಆ್ಯಪ್ ಸಣ್ಣ ವ್ಯಾಪಾರಿಗಳಿಗೆ ಉಚಿತ, ನಿಮ್ಮ ಈಗಿನ ವಾಟ್ಸ್‌ಆ್ಯಪ್ ಇರುವ ಫೋನಿನಲ್ಲೇ ಅದೂ ಇರಬಹುದು. ಅಂಗಡಿಯ ಆ ಖಾತೆಯನ್ನು ಕಂಪ್ಯೂಟರಿಗೂ ಗುಮಾಸ್ತರ ಫೋನಿಗೂ ಜೋಡಿಸಿ. ಅವರು ಕೆಲಸ ಬಿಟ್ಟ ದಿನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯಲ್ಲಿ ಆ ಫೋನಿನ ಹೆಸರು ತಾಕಿ ‘ಲಾಗ್ ಔಟ್’ ಕೊಟ್ಟರೆ ಮುಗಿಯಿತು. ನಂಬರು ಬದಲಾದ ವಿಷಯವನ್ನು ರೈತರಿಗೆ ತಿಳಿಸುವುದು ಒಂದು ಸುಗ್ಗಿಯ ಕಷ್ಟ, ಅಷ್ಟೇ.

ಪ್ರಶ್ನೆ: ಟೆಲಿಗ್ರಾಂ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಹಳೆಯ ಸಂದೇಶಗಳೆಲ್ಲ ಸಿಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಏಕೆ ಹಾಗಿಲ್ಲ?
— ಪದವಿ ವಿದ್ಯಾರ್ಥಿ, ಹಿರಿಯೂರು

ಉತ್ತರ: ಟೆಲಿಗ್ರಾಂ ನಿಮ್ಮ ಸಾಮಾನ್ಯ ಮಾತುಕತೆಗಳನ್ನು ತನ್ನ ಸರ್ವರುಗಳಲ್ಲಿ ಇಟ್ಟುಕೊಳ್ಳುತ್ತದೆ, ಆದ್ದರಿಂದ ಎಲ್ಲಿ ತೆರೆದರೂ ಸಿಗುತ್ತವೆ. ವಾಟ್ಸ್‌ಆ್ಯಪ್ ಸಂದೇಶ ಮುಟ್ಟಿಸಿ ಕೈತೊಳೆದುಕೊಳ್ಳುತ್ತದೆ; ಮುಟ್ಟಿದ ಮೇಲೆ ಅದು ಇರುವುದು ಬಳಕೆದಾರರ ಸಾಧನಗಳಲ್ಲಿ. ಟೆಲಿಗ್ರಾಂನಲ್ಲೂ ‘ಸೀಕ್ರೆಟ್ ಚಾಟ್’ ಎಂದು ಆರಂಭಿಸಿದ ಮಾತುಕತೆ ಆ ಒಂದು ಫೋನಿಗೆ ಮಾತ್ರ ಸೀಮಿತ. ಅನುಕೂಲ ಮತ್ತು ಗುಟ್ಟು, ಇವೆರಡರಲ್ಲಿ ಒಂದನ್ನು ಪೂರ್ತಿ ಬಯಸಿದರೆ ಇನ್ನೊಂದರಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಪ್ರಶ್ನೆ: ನಮ್ಮ ಸಂಘದ ಸಭೆಯ ನೋಟಿಸನ್ನು ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಬಳಸಿ ಕನ್ನಡದಲ್ಲೇ ಬೆರಳಚ್ಚು ಮಾಡಿದ್ದೆ. ಅದನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಅಂಟಿಸಿದರೆ ಕನ್ನಡ ಹೋಗಿ, ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಗೀಟು, ಚುಕ್ಕೆ ಇಟ್ಟಂತಹ ಏನೇನೋ ಬಂತು. ಸದಸ್ಯರೆಲ್ಲ ಫೋನ್ ಮಾಡಿ ಏನಿದು ಎಂದು ಕೇಳಿದರು.
— ಸಂಘವೊಂದರ ಕಾರ್ಯದರ್ಶಿ, ಹೊಳಲ್ಕೆರೆ

ಉತ್ತರ: ಕಂಪ್ಯೂಟರು ಅಕ್ಷರಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳ ಕಾಲದಲ್ಲಿ ಕನ್ನಡಕ್ಕೆಂದು ಪ್ರತ್ಯೇಕ ಅಂಕಿಗಳನ್ನು ಬಳಸದೆ, ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಇದ್ದ ಅಂಕಿಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಅಕ್ಷರಶೈಲಿ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಅದನ್ನು ಕಳಚಿದರೆ ಒಳಗಿನ ಅಂಕಿಯ ಮೂಲ ಅಕ್ಷರ ಹೊರಬರುತ್ತದೆ. ನಿಮ್ಮ ಸದಸ್ಯರು ಕಂಡದ್ದು ಆ ಗೀಟು, ಚುಕ್ಕೆಗಳ ಯುರೋಪಿನ ಅಕ್ಷರಗಳನ್ನು. ಯುನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಅಂಕಿ ಇದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಸ್ಥಾನ ಸಿಕ್ಕಿದೆ. ಫೋನುಗಳು ಓದುವುದು ಅದನ್ನೇ.

ಆದ್ದರಿಂದ ನಿಮ್ಮ ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶದಿಂದ ಬದಲಿಸಿಕೊಂಡು ನಂತರ ಅಂಟಿಸಿ, ಮತ್ತು ಹೊಸದನ್ನು ಬರೆಯುವಾಗ ನುಡಿಯ ಹೊಸ ಆವೃತ್ತಿಯಲ್ಲಿ ಯುನಿಕೋಡ್ ಆಯ್ಕೆಯನ್ನೇ ಬಳಸಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ನುಡಿ ಅನುಸರಿಸುವುದರಿಂದ ನಿಮ್ಮ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ನಾಳೆಯೇ ಸಭೆ ಇದ್ದು ಸಮಯವಿಲ್ಲದಿದ್ದರೆ ನೋಟಿಸನ್ನು ಪಿಡಿಎಫ್ ಮಾಡಿ ಕಳಿಸಿ. ಅದರೊಳಗೆ ಅಕ್ಷರಶೈಲಿಯೂ ಸೇರಿಹೋಗುವುದರಿಂದ ಎಲ್ಲರಿಗೂ ಕನ್ನಡವಾಗಿಯೇ ಕಾಣುತ್ತದೆ. ಬದಲಿಸಿಕೊಳ್ಳುವ ಶ್ರಮವನ್ನು ಮಾತ್ರ ಮುಂದೂಡಬೇಡಿ. ಹಳೆಯ ಅಂಕಿಗಳಲ್ಲಿ ಉಳಿದ ಕನ್ನಡ ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಫೋನ್ ಅದನ್ನು ಓದಿ ಹೇಳುವುದಿಲ್ಲ. ನಿಮ್ಮ ಸಂಘದ ವರ್ಷಗಳ ನಡಾವಳಿ ಹಾಗೆ ಮೂಕವಾಗಿ ಉಳಿಯುವುದು ನನಗೆ ನೋವಿನ ಸಂಗತಿ.

ಪ್ರಶ್ನೆ: ಸೀರೆಗಳ ಫೋಟೊ ತೆಗೆದು ಗಿರಾಕಿಗಳಿಗೆ ವಾಟ್ಸ್‌ಆ್ಯಪ್ ಮಾಡುತ್ತೇನೆ. ನನ್ನ ಫೋನಿನಲ್ಲಿ ಜರಿಯ ಎಳೆ ಎಳೆ ಕಾಣುತ್ತದೆ, ಅವರಿಗೆ ಮಸುಕಾಗಿ ಹೋಗುತ್ತದೆ.
— ನೇಕಾರರು, ಮೊಳಕಾಲ್ಮೂರು

ಉತ್ತರ: ಡೇಟಾ ಉಳಿಸಲೆಂದು ವಾಟ್ಸ್‌ಆ್ಯಪ್ ಫೋಟೊಗಳನ್ನು ಕುಗ್ಗಿಸಿ ಕಳಿಸುತ್ತದೆ, ಅಂಚಿನ ಸಣ್ಣ ಬುಟ್ಟಾ, ಜರಿಯ ಎಳೆ ಮೊದಲು ಹೋಗುವುದು ಅಲ್ಲಿಯೇ. ಕಳಿಸುವ ಮುನ್ನ ಫೋಟೊದ ಮೇಲೆ ಕಾಣುವ ‘ಎಚ್‌ಡಿ’ ಗುರುತನ್ನು ತಾಕಿ. ಒಂದಿಷ್ಟೂ ಕುಗ್ಗದೆ ಹೋಗಬೇಕಾದರೆ ಕಾಗದದ ಕ್ಲಿಪ್ ಆಕಾರದ ಗುರುತಿನಿಂದ ‘ಡಾಕ್ಯುಮೆಂಟ್’ ಆರಿಸಿ ಆ ಫೋಟೊವನ್ನು ಕಡತವಾಗಿ ಕಳಿಸಿ. ಫೋಟೊವನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆಯದೆ ಬೆಳಗಿನ ನೆರಳಿನಲ್ಲಿ ತೆಗೆದರೆ ಬಣ್ಣವೂ ಸರಿಯಾಗಿ ಹೋಗುತ್ತದೆ.

ಪ್ರಶ್ನೆ: ಪರಿಚಿತರ ನಂಬರಿನಿಂದ ‘ತಪ್ಪಾಗಿ ನಿಮಗೆ ಒಂದು ಕೋಡ್ ಬಂದಿದೆ, ಕಳಿಸಿ’ ಎಂದು ಸಂದೇಶ ಬಂತು. ಕಳಿಸಿದೆ. ನನ್ನ ವಾಟ್ಸ್‌ಆ್ಯಪ್ ಹೋಯಿತು, ನನ್ನ ಹೆಸರಿನಲ್ಲಿ ಬಂಧುಗಳ ಬಳಿ ಹಣ ಕೇಳಿದ್ದಾರೆ. ನಾಚಿಕೆಯಿಂದ ಯಾರಿಗೂ ಹೇಳಿಲ್ಲ.
— ಗೃಹಿಣಿ, ಹರಿಹರ

ಉತ್ತರ: ತಾಯಿ, ನಾಚಿಕೆ ಪಡಬೇಕಾದವರು ನೀವಲ್ಲ. ಮೊದಲು ಮನೆಯವರಿಗೆ ಹೇಳಿ, ಬಂಧುಗಳಿಗೆ ಫೋನ್ ಮಾಡಿ ಹಣ ಕಳಿಸಬೇಡಿ ಎನ್ನಿ. ನಾಚಿಕೆಯಿಂದ ಸುಮ್ಮನಿರುವ ಒಂದೊಂದು ಗಂಟೆಯೂ ಕಳ್ಳರಿಗೆ ಲಾಭ. ಯಾರಾದರೂ ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.

ಆಮೇಲೆ ನಿಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆದು ನಿಮ್ಮ ನಂಬರು ಹಾಕಿ, ಬರುವ 6 ಅಂಕಿಗಳನ್ನು ಕೊಡಿ. ನಂಬರು ನಿಮ್ಮದು, ಸಿಮ್ ನಿಮ್ಮ ಕೈಯಲ್ಲಿದೆ. ಆದ್ದರಿಂದ ಖಾತೆಯೂ ನಿಮ್ಮದೇ. ನೀವು ಕೋಡ್ ಹಾಕಿದ ಗಳಿಗೆಯಲ್ಲೇ ಅವರು ಹೊರಬೀಳುತ್ತಾರೆ. ಅವರು ಎರಡನೆಯ ಹಂತದ ಪಿನ್ ಹಾಕಿಟ್ಟಿದ್ದರೆ ಅದಿಲ್ಲದೆ ಒಳಹೋಗಲು ನೀವು 7 ದಿನ ಕಾಯಬೇಕಾಗಬಹುದು, ಆದರೆ ಆ 7 ದಿನ ಅವರಿಗೂ ಪ್ರವೇಶವಿಲ್ಲ. ಹಳೆಯ ಮಾತುಕತೆಗಳು ನಿಮ್ಮ ಫೋನಿನಲ್ಲೇ ಇದ್ದುದರಿಂದ ಅವರು ಅವನ್ನು ಓದಿರಲಾರರು. ಒಳಹೋದ ಮೇಲೆ ‘ಲಿಂಕ್ಡ್ ಡಿವೈಸಸ್’ ಪಟ್ಟಿ ನೋಡಿ, ಗುರುತಿಲ್ಲದ ಸಾಧನವಿದ್ದರೆ ಹೊರಹಾಕಿ. ನಂತರ ಸೆಟ್ಟಿಂಗ್ಸ್‌ನ ‘ಅಕೌಂಟ್’ ವಿಭಾಗದಲ್ಲಿ ‘ಟು ಸ್ಟೆಪ್ ವೆರಿಫಿಕೇಷನ್’ ತೆರೆದು ನಿಮ್ಮದೇ 6 ಅಂಕಿಗಳ ಪಿನ್ ಹಾಕಿ. ಇನ್ನೊಂದು ದಾರಿಯೂ ಇದೆ, ಎಚ್ಚರವಿರಲಿ: ಕ್ಯೂಆರ್ ಬದಲು 8 ಅಕ್ಷರಗಳ ಕೋಡ್ ಬಳಸಿಯೂ ಸಾಧನ ಜೋಡಿಸಬಹುದು. ಯಾರೋ ಒಂದು ಕೋಡ್ ಹೇಳಿ, ‘ಇದನ್ನು ನಿಮ್ಮ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ’ ಎಂದರೆ ಅವರ ಕಂಪ್ಯೂಟರಿಗೆ ನಿಮ್ಮ ಖಾತೆಯನ್ನು ನೀವೇ ಜೋಡಿಸಿಕೊಟ್ಟಂತೆ. ಕೇಳುವವರು ತಮ್ಮನಾದರೂ ಸರಿ, ಮೊದಲು ಕರೆ ಮಾಡಿ ದನಿ ಕೇಳಿ.

ಪ್ರಶ್ನೆ: ಹಳೆಯ ಫೋನ್ ಕೊಟ್ಟು ಹೊಸದು ತೆಗೆದುಕೊಳ್ಳಬೇಕೆಂದಿದ್ದೇನೆ. ತೀರಿಕೊಂಡ ಯಜಮಾನರು ಕಳಿಸಿದ್ದ ದನಿಯ ಸಂದೇಶಗಳು ಅದರಲ್ಲಿವೆ. ಅವು ಹೋಗಬಾರದು.
— ಓದುಗರು, ಚಳ್ಳಕೆರೆ

ಉತ್ತರ: ಹೋಗುವುದಿಲ್ಲ, ಆದರೆ ಅವಸರ ಬೇಡ. ಎರಡೂ ಫೋನ್ ಆಂಡ್ರಾಯ್ಡ್ ಆಗಿದ್ದರೆ ಅವನ್ನು ಅಕ್ಕಪಕ್ಕ ಇಟ್ಟುಕೊಂಡು, ಹಳೆಯದರಲ್ಲಿ ಸೆಟ್ಟಿಂಗ್ಸ್, ‘ಚಾಟ್ಸ್’, ‘ಟ್ರಾನ್ಸ್‌ಫರ್ ಚಾಟ್ಸ್’ ಎಂಬಲ್ಲಿಗೆ ಹೋಗಿ, ಹೊಸದರಲ್ಲಿ ಬರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮಾತುಕತೆಗಳೆಲ್ಲ ನೇರವಾಗಿ ದಾಟುತ್ತವೆ. ಇನ್ನೊಂದು ದಾರಿ ಗೂಗಲ್ ಖಾತೆಯಲ್ಲಿ ಬ್ಯಾಕಪ್ ತೆಗೆಯುವುದು. ಹೊಸ ಫೋನಿನಲ್ಲೂ ಅದೇ ನಂಬರು, ಅದೇ ಗೂಗಲ್ ಖಾತೆ ಇದ್ದರೆ ಮಾತ್ರ ಅದು ಮರಳಿ ಸಿಗುತ್ತದೆ. ಗೂಗಲ್ ಉಚಿತವಾಗಿ ಕೊಡುವ ಜಾಗ 15 ಜಿಬಿ. ಫೋಟೊ, ಇಮೇಲ್ ಮತ್ತು ಈ ಬ್ಯಾಕಪ್ ಎಲ್ಲವೂ ಅದರೊಳಗೇ ಆಗಬೇಕಾದ್ದರಿಂದ ಜಾಗ ತುಂಬಿದೆಯೇ ಎಂದು ಮೊದಲು ನೋಡಿ. ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿದರೆ ಅದನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಮರೆತರೆ ತೆರೆದುಕೊಡುವವರು ಯಾರೂ ಇಲ್ಲ.

ಇವೆಲ್ಲಕ್ಕೂ ಮೊದಲು, ಯಜಮಾನರ ದನಿಯ ಸಂದೇಶಗಳನ್ನು ಒಂದೊಂದಾಗಿ ಮಗನಿಗೋ ಮಗಳಿಗೋ ಫಾರ್ವರ್ಡ್ ಮಾಡಿ, ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಡಿಸಿ. ಹೊಸ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆದು, ಅವರ ಹೆಸರಿನ ಮಾತುಕತೆಗೆ ಹೋಗಿ, ತೀರಾ ಹಳೆಯ ಸಂದೇಶದವರೆಗೆ ಹಿಂದಕ್ಕೆ ಸರಿಸಿ, ಎರಡು ಮೂರನ್ನು ತಾಕಿ ದನಿ ಕೇಳಿಸುತ್ತದೆಯೇ ನೋಡಿ. ಕೇಳಿಸಿದ ಮೇಲೂ ಒಂದು ವಾರ ಹಳೆಯ ಫೋನ್ ಮನೆಯಲ್ಲೇ ಇರಲಿ. ಅಂಗಡಿಯವರು ಇಂದೇ ಕೊಟ್ಟರೆ ಇಷ್ಟು ಕಡಿತ ಎಂದು ಹೇಳಿದರೂ ಆ ಒಂದು ವಾರವನ್ನು ಬಿಟ್ಟುಕೊಡಬೇಡಿ.